ಕೊಯ್ಯದೆ ಬಿಟ್ಟ ಹನ್ನೊಂದು

ಗುಬ್ಬಿ

ನಾನು ಗುಬ್ಬಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಓದಿದ್ದು ಪಿಯುಸಿ. ಕಳೆದ ನವೆಂಬರಿನವರೆಗೆ ನಾನು ನೋಡಿದ್ದ ಅತಿ ದೂರದ ಊರು ಮಂಗಳೂರು. ಅದೂ ತಂಗಿಯನ್ನು ಹಾಸ್ಟೆಲಿಗೆ ಬಿಟ್ಟು ಬರಲು ಹೋಗಿದ್ದು. ಈಗ ಆಸ್ಟ್ರೇಲಿಯಾದ ಕೆಳಗಿರುವ ಟಾಸ್ಮೇನಿಯಾ ಎಂಬ ದ್ವೀಪದಲ್ಲಿ ಹನ್ನೆರಡು ದಿನ ಇದ್ದು ಬಂದಿದ್ದೇನೆ. ಅಲ್ಲಿ ಏನೇನು ನೋಡಬೇಕು ಎಂದು ಕೇಳಿದವರಿಗೆ ನಾನು ಉತ್ತರ ಹೇಳಲಾರೆ. ನಾನು ನೋಡಿದ್ದು ಒಂದು ಕೊಲ್ಲಿ, ಒಂದು ದೋಣಿ, ಒಂದು ನೋಟ್‌ಬುಕ್ಕು. ಅದನ್ನೇ ಬರೆಯುತ್ತೇನೆ.

ತಂಗಿ ಗಿರಿಜೆ ನನಗಿಂತ ಎಂಟು ವರ್ಷ ಚಿಕ್ಕವಳು. ಅಪ್ಪ ಇದ್ದಾಗ ಅಮೃತೂರಿನಲ್ಲಿ ಮೇಷ್ಟರಾಗಿದ್ದರು. ಅಲ್ಲಿಂದ ಬಸ್ಸಿನಲ್ಲಿ ಕುಣಿಗಲ್ಲಿಗೆ ಬಂದಾಗಲೆಲ್ಲ ಅವಳು ಕೆರೆ ಏರಿಯ ಹತ್ತಿರ ಇಳಿಯಲೇಬೇಕೆಂದು ಹಟ ಮಾಡುತ್ತಿದ್ದಳು. ತೆಪ್ಪದವರು ಬಲೆ ಎಳೆಯುವುದನ್ನು ನೋಡುತ್ತ ನಿಂತರೆ ಅವಳನ್ನು ಎತ್ತಿಕೊಂಡೇ ಬರಬೇಕು. ನಮ್ಮದು ಮೊಟ್ಟೆಯೂ ಒಳಗೆ ಬಾರದ ಲಿಂಗಾಯತರ ಮನೆ. ಅವಳು ಮಂಗಳೂರಿನ ಮೀನುಗಾರಿಕೆ ಕಾಲೇಜಿಗೆ ಸೇರುತ್ತೇನೆ ಎಂದಾಗ ಗೂಳೂರಿನ ಸೋದರತ್ತೆ ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಅಂದರು: "ಮೀನ್ ಕುಯ್ತಾಳಂತಾ? ಇನ್ನು ಲಿಂಗ ಎಲ್ಲಿ ಕಟ್ಕತಾಳಂತೆ?"

"ಕತ್ತಲ್ಲೇ ಅತ್ತೆ. ಕುಯ್ಯೋದು ಕೈಲಲ್ವಾ?" ಅಂದಳು ಗಿರಿಜೆ.

ಅತ್ತೆ ಕಾಫಿ ಕುಡಿಯದೆ ಎದ್ದು ಹೋದರು.

ಕಾಲೇಜು ಮುಗಿಸಿ ಅವಳು ಸಂಶೋಧನೆಗೆಂದು ಟಾಸ್ಮೇನಿಯಾಕ್ಕೆ ಹೋದಳು. ಅಲ್ಲಿ ಅವಳು ನೋಡುತ್ತಿದ್ದದ್ದು ಒಂದು ಸಣ್ಣ ಜಾತಿಯ ಶಾರ್ಕ್. ಆಳುದ್ದಕ್ಕೆ ಬೆಳೆಯುವುದೇ ಅಪರೂಪ. ದಂಡೆಯ ಹತ್ತಿರವೇ ಇರುತ್ತದೆ, ಮನುಷ್ಯರ ತಂಟೆಗೆ ಬರುವುದಿಲ್ಲ. ಹಲ್ಲು ಮೊನಚಿಲ್ಲ, ಚಪ್ಪಟೆ ಹರಳುಗಳನ್ನು ಜೋಡಿಸಿದ ಹಾಗೆ ಇರುತ್ತವೆ. ಅದಕ್ಕೆ ಅಲ್ಲಿಯವರು ಅದನ್ನು ಗಮ್ಮಿ ಎನ್ನುತ್ತಾರೆ, ಬೊಚ್ಚುಬಾಯಿ ಎಂದ ಹಾಗೆ. "ಅಕ್ಕ, ಕುಣಿಗಲ್ ಕೆರೆ ಮೀನು ಲಕ್ಷ ಮೊಟ್ಟೆ ಇಟ್ಟು ಮರೆತುಬಿಡುತ್ತೆ. ಇದು ಹಂಗಲ್ಲ ಕಣೇ, ಬಸ್ರಿ ಆಗುತ್ತೆ, ನಮ್ ಥರ. ವರ್ಷ ಹೊರುತ್ತೆ. ಆಮೇಲೆ ಹೆರುತ್ತೆ," ಎಂದು ಫೋನಿನಲ್ಲಿ ಹೇಳಿದ್ದಳು. ಹೆಣ್ಣು ದೊಡ್ಡವಳಾಗಲು ವರ್ಷಗಳು ಬೇಕು. ವಯಸ್ಸು ತಿಳಿಯಲು ಬೆನ್ನುಮೂಳೆಯ ಬಿಲ್ಲೆ ತೆಗೆದು ಅದರೊಳಗಿನ ಬಳೆಗಳನ್ನು ಎಣಿಸುತ್ತಾರೆ. ಇಷ್ಟು ನಿಧಾನವಾಗಿ ಬೆಳೆಯುವುದನ್ನು ಬೇಗ ಬೇಗ ಹಿಡಿದರೆ ಮುಗಿದೇ ಹೋಗುತ್ತದೆ.

ಹೋದ ವರ್ಷ ಫೆಬ್ರವರಿಯಲ್ಲಿ ಅವಳ ಕಾರು ಮಳೆಯಲ್ಲಿ ಜಾರಿ ಮರಕ್ಕೆ ಹೊಡೆಯಿತು. ಹದಿನಾರು ದಿನದ ಮೇಲೆ ಪೆಟ್ಟಿಗೆಯಲ್ಲಿ ಗುಬ್ಬಿಗೆ ಬಂದಳು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತೇವೆ. ಅವಳನ್ನು ಕೂರಿಸಲು ಆಗಲಿಲ್ಲ. ಮಲಗಿಸಿಯೇ ಮಾಡಿದೆವು. ಅವ್ವ ಇಂದಿಗೂ ಅದನ್ನೇ ಹೇಳುತ್ತಾಳೆ, "ನನ್ ಮಗ್ಳು ಮಲಗ್ಬಿಟ್ಲು."

ಆರು ತಿಂಗಳ ಮೇಲೆ ಅವಳ ಮಾರ್ಗದರ್ಶಕಿ ಮಾರ್ಗರೆಟ್ ಪತ್ರ ಬರೆದರು. ಗಿರಿಜೆಯ ದೋಣಿಯ ನೋಟ್‌ಬುಕ್ಕು ಕನ್ನಡದಲ್ಲಿದೆ, ಅದರಲ್ಲಿ ತಮಗೆ ಬೇಕಾದ ಒಂದು ವಿಷಯ ಇರಬಹುದು, ಮೆಲ್ಬರ್ನಿನಲ್ಲಿ ಕನ್ನಡದವರು ಬಹಳ ಜನ ಇದ್ದಾರೆ, ಆದರೆ ಸತ್ತವಳ ಕೈಬರಹವನ್ನು ಮೊದಲು ಮನೆಯವರು ನೋಡಬೇಕು ಅನ್ನಿಸಿತು, ಫೋಟೊ ತೆಗೆದು ಕಳಿಸಲೇ ಎಂದು ಕೇಳಿದ್ದರು. ನಾನೇ ಬರುತ್ತೇನೆ ಎಂದು ಉತ್ತರ ಬರೆಸಿದೆ. ಅವರು ಟಿಕೆಟ್ ಕಳಿಸಿದರು.

ನನ್ನ ಗಂಡ ರುದ್ರೇಶ ತುಮಕೂರು–ಕುಣಿಗಲ್ ಖಾಸಗಿ ಬಸ್ಸಿನ ಡ್ರೈವರು. "ಹೋಗ್ ಬಾ. ಇಲ್ಲಿದ್ರೂ ಗೋಡೆ ನೋಡ್ಕಂಡೇ ಕೂತಿರ್ತೀಯ," ಅಂದರು.

ಅವ್ವ ಮಾತ್ರ, "ಅಲ್ಲಿ ಏನೂ ಬಾಯಿಗಿಕ್ಬ್ಯಾಡ. ಎಲ್ಲಾದ್ರಲ್ಲೂ ಏನಾರ ಹಾಕಿರ್ತಾರೆ," ಅಂದಳು.

"ಹನ್ನೆಲ್ಡು ದಿನ ನೀರು ಕುಡ್ಕಂಡಿರ್ಲಾ?"

"ಅವಲಕ್ಕಿ ಕಟ್ಟಿವ್ನಿ ಕಣೇ. ನೆನಸ್ಕಂಡು ತಿನ್ನು."

ಮೆಲ್ಬರ್ನ್ ವಿಮಾನ ನಿಲ್ದಾಣ

ಆ ದೇಶದವರಿಗೆ ಹೊರಗಿನ ಮಣ್ಣು, ಬೀಜ, ರೋಗ ಎಂದರೆ ಬಹಳ ಭಯ. ವಿಮಾನದಲ್ಲೇ ಒಂದು ಚೀಟಿ ಕೊಟ್ಟು ಏನೇನು ತಂದಿದ್ದೀರಿ ಬರೆಯಿರಿ ಎನ್ನುತ್ತಾರೆ. ನಾನು ಅವಲಕ್ಕಿ, ಚಟ್ನಿಪುಡಿ, ವಿಭೂತಿ ಎಂದು ಬರೆದೆ. ಅವಲಕ್ಕಿ ಮತ್ತು ಚಟ್ನಿಪುಡಿಯನ್ನು ಆ ಹೆಣ್ಣುಮಗಳು ಮೂಸಿ ನೋಡಿ ವಾಪಸ್ಸು ಕೊಟ್ಟಳು. ವಿಭೂತಿ ಗಟ್ಟಿಯನ್ನು ಬೆಳಕಿಗೆ ಹಿಡಿದು, "ಇದು ಏನು?" ಎಂದಳು.

"ದೇವರದು. ಹಣೆಗೆ."

"ಯಾವುದರಿಂದ ಮಾಡಿದ್ದು?"

ಸುಣ್ಣ ಎಂದಿದ್ದರೆ ಆಗುತ್ತಿತ್ತೋ ಏನೋ. ಕೇಳಿದ್ದಕ್ಕೆ ಇದ್ದದ್ದು ಹೇಳುವುದು ರೂಢಿ. "ಹಸುವಿನ ಸಗಣಿ ಸುಟ್ಟು ಮಾಡಿದ್ದು," ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಕೈಗವಸು ಹಾಕಿಕೊಂಡು ಇನ್ನೊಬ್ಬ ಬಂದ. ಮೂರು ಗಟ್ಟಿಯನ್ನೂ ಹಳದಿ ಡಬ್ಬಿಗೆ ಹಾಕಿದರು. ನನ್ನ ಹಿಂದಿದ್ದ ದಾವಣಗೆರೆ ಕಡೆಯ ಹಿರಿಯರೊಬ್ಬರು ನಗುತ್ತ, "ಅಯ್ಯೋ ತಂಗಿ, ಪೌಡರ್ ಅನ್ಬೇಕಿತ್ತವ್ವ," ಅಂದರು. ಹನ್ನೆರಡು ದಿನ ನಾನು ಬರಿ ಹಣೆಯಲ್ಲೇ ಇದ್ದೆ.

ಕೊಲ್ಲಿಯ ಊರು

ಅಲ್ಲಿಂದ ಸಣ್ಣ ವಿಮಾನ, ಆಮೇಲೆ ಮಾರ್ಗರೆಟ್ ಅವರ ಕಾರು. ಅವರಿಗೆ ಅರವತ್ತು ದಾಟಿರಬೇಕು. ಎತ್ತರದ ಹೆಂಗಸು, ಮಾತು ಕಡಿಮೆ. ತಮ್ಮ ಮನೆಯಲ್ಲಿ ಗಿರಿಜೆ ಇದ್ದ ಕೋಣೆಯಲ್ಲೇ ನನಗೆ ಹಾಸಿಗೆ ಹಾಕಿದ್ದರು. ಬೇಡವೆಂದರೆ ಬೇರೆ ಕೋಣೆ ಇದೆ ಎಂದರು. ಇದೇ ಇರಲಿ ಎಂದೆ.

ಊರು ಸಣ್ಣದು. ಒಂದು ಬೀದಿ, ದೋಣಿ ಕಟ್ಟುವ ಒಂದು ಕಟ್ಟೆ, ನಾಲ್ಕೈದು ದೋಣಿ. ಬೀದಿಯಲ್ಲಿ ಜನವೇ ಇಲ್ಲ. ನಮ್ಮಲ್ಲಿ ಇಷ್ಟು ಸದ್ದಡಗಿದ್ದರೆ ಯಾರೋ ತೀರಿಕೊಂಡಿದ್ದಾರೆ ಎಂದು ಕೇಳುತ್ತೇವೆ. ಎದುರಿಗೆ ಬಂದವರೆಲ್ಲ ಹವಾಮಾನದ ಬಗ್ಗೆ ಒಂದು ಮಾತಾಡಿ ಮುಂದೆ ಹೋಗುತ್ತಾರೆ. ಯಾರ ಮನೆ, ಯಾವೂರು, ಮಕ್ಕಳೆಷ್ಟು ಎಂದು ಒಬ್ಬರೂ ಕೇಳುವುದಿಲ್ಲ. ಆ ಕೊನೆಯ ಪ್ರಶ್ನೆ ಇಲ್ಲದ್ದು ನನಗೆ ಸಮಾಧಾನವಾಯಿತು.

ಅವಲಕ್ಕಿ ಬೇಸರವಾದಾಗ ಕಟ್ಟೆಯ ಅಂಗಡಿಯಲ್ಲಿ ಕರಿದ ಆಲೂಗಡ್ಡೆ ತಿಂದೆ. ಎರಡು ದಿನ ತಿಂದೆ. ಬಿಸಿಬಿಸಿ, ಉಪ್ಪು ಚೆನ್ನಾಗಿತ್ತು. ಮೂರನೆಯ ದಿನ ಬೇಗ ಹೋದೆ. ಅಂಗಡಿಯವನು ಒಂದು ಬಿಳಿ ತುಂಡನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟ. ಅದೇ ಎಣ್ಣೆಗೆ ನನ್ನ ಆಲೂಗಡ್ಡೆ ಬಿಟ್ಟ. ಅದು ಏನು ಎಂದು ಕೇಳಿದೆ. "ಗಮ್ಮಿ," ಎಂದ. ಮುಳ್ಳಿಲ್ಲದ ಮೀನು, ಅದಕ್ಕೇ ಮಕ್ಕಳಿಗೆ ಇಷ್ಟವಂತೆ. ಪೊಟ್ಟಣವನ್ನು ಹಿಡಿದುಕೊಂಡು ಕಲ್ಲಿನ ಮೇಲೆ ಕೂತೆ. ತಿನ್ನಲೂ ಆಗಲಿಲ್ಲ, ಬಿಸಾಡಲೂ ಆಗಲಿಲ್ಲ. ಕೊನೆಗೆ ಹಕ್ಕಿಗಳು ಬಂದು ಕಿತ್ತುಕೊಂಡವು.

ನೋಟ್‌ಬುಕ್ಕು

ಅದೇ ಮಧ್ಯಾಹ್ನ ಮಾರ್ಗರೆಟ್ ಅಡಿಗೆಮನೆಯ ಮೇಜಿನ ಮೇಲೆ ಎರಡು ವಸ್ತು ಇಟ್ಟರು. ಒಂದು, ಗಿರಿಜೆಯ ಪಟ್ಟಿ. ಅಚ್ಚು ಹಾಕಿದ್ದು, ಮೇಲೆ ಅವಳ ಹೆಸರು. ಇನ್ನೊಂದು, ಅಂಗೈ ಅಗಲದ ನೋಟ್‌ಬುಕ್ಕು. ನೀರು ಕುಡಿದು ಉಬ್ಬಿತ್ತು. ಪೆನ್ಸಿಲಿನಲ್ಲಿ ಬರೆದ ಕನ್ನಡ.

ಅವರು ನಿಧಾನವಾಗಿ ವಿವರಿಸಿದರು. ವಸಂತ ಮುಗಿದು ಬೇಸಿಗೆ ಬರುವಾಗ, ಅಲ್ಲಿ ಅದು ನವೆಂಬರ್–ಡಿಸೆಂಬರ್, ಬಸುರಿ ಶಾರ್ಕ್‌ಗಳು ಈ ಕೊಲ್ಲಿಗೆ ಹೆರಲು ಬರುತ್ತವೆ ಎಂಬುದು ಗಿರಿಜೆಯ ಲೆಕ್ಕ. ಅದು ನಿಜವೆಂದು ತೋರಿಸಿದರೆ, ಹೆರುವ ತಿಂಗಳುಗಳಲ್ಲಿ ಇಲ್ಲಿ ಶಾರ್ಕ್ ಹಿಡಿಯದಂತೆ ಕೊಲ್ಲಿಯನ್ನು ಮುಚ್ಚಬಹುದು. ಅದಕ್ಕೆ ಅವಳು ಮೀನುಗಾರರ ದೋಣಿಯಲ್ಲಿ ಹೋಗಿ, ಸಿಕ್ಕಿದ ಪ್ರತಿ ಹೆಣ್ಣನ್ನೂ ಅಳೆದು, ಹೊಟ್ಟೆ ಕೊಯ್ದು, ಮರಿ ಎಣಿಸಿ, ಬೆನ್ನುಮೂಳೆಯ ಬಿಲ್ಲೆಯನ್ನು ಸೀಸೆಗೆ ಹಾಕಬೇಕಿತ್ತು. ಪಟ್ಟಿಯಲ್ಲಿ ಮೂವತ್ತು ಬಸುರಿಗಳಿವೆ. ಸೀಸೆ ಇರುವುದು ಹತ್ತೊಂಬತ್ತು. ಉಳಿದ ಹನ್ನೊಂದಕ್ಕೆ ಮರಿಗಳ ಎಣಿಕೆ ಇದೆ, ಸೀಸೆ ಇಲ್ಲ. ಎಲ್ಲಿಟ್ಟಳೋ ಇದರಲ್ಲಿ ಬರೆದಿರಬಹುದು. ಮುಂದಿನ ವಾರ ಮೀನುಗಾರರು, ಅಧಿಕಾರಿಗಳು ಸೇರುತ್ತಾರೆ. ಆ ಸಭೆಯ ಮುಂದೆ ಇಡಬೇಕು.

ಅಷ್ಟು ಹೇಳಿ ಅವರು ತೋಟಕ್ಕೆ ಹೋದರು.

ಅಂಗನವಾಡಿಯಲ್ಲಿ ನನ್ನ ಕೆಲಸವೂ ಪಟ್ಟಿಯೇ. ಬಸುರಿಯರ ಪಟ್ಟಿ, ಬಾಣಂತಿಯರ ಪಟ್ಟಿ, ತಿಂಗಳಿಗೊಮ್ಮೆ ಮಕ್ಕಳ ತೂಕ. ಅಚ್ಚಿನ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಹತ್ತೊಂಬತ್ತು ಸಾಲುಗಳಲ್ಲಿ ಅಂಕಿಗಳು ಹೇಗೆಂದರೆ ಹಾಗೆ ಓಡಾಡುತ್ತಿದ್ದವು, ಏಳು, ಇಪ್ಪತ್ತಾರು, ಹನ್ನೊಂದು. ಹನ್ನೊಂದು ಸಾಲುಗಳಲ್ಲಿ ಮಾತ್ರ ಹದಿನಾಲ್ಕು, ಹದಿನೈದು, ಹದಿನಾಲ್ಕು, ಹದಿನಾಲ್ಕು, ಹದಿನಾರು. ತೂಕದ ಯಂತ್ರ ಕೆಟ್ಟ ತಿಂಗಳು ನಮ್ಮ ಊರಿನ ಮಕ್ಕಳೆಲ್ಲ ಒಟ್ಟಿಗೆ ಇನ್ನೂರು ಗ್ರಾಂ ಹೆಚ್ಚುತ್ತಾರೆ. ಅಂದಾಜಿನ ಅಂಕಿಯ ಮುಖ ನನಗೆ ಗೊತ್ತು.

ನೋಟ್‌ಬುಕ್ಕು ತೆರೆದೆ. ಅಕ್ಟೋಬರಿನಲ್ಲಿ ಹೀಗಿತ್ತು:

"ದೊಡ್ಡದು. ಜೀವ ಇತ್ತು. ಹೊಟ್ಟೆ ಮುಟ್ಟಿದರೆ ಒಳಗೆ ಒದ್ದಾಡಿದವು. ಬಿಟ್ಟೆ. ೧೪ ಎಂದು ಬರೆದೆ. ಅವ್ವನ ಮಾತು."

ಮೂರು ದಿನ ಬಿಟ್ಟು: "ಇನ್ನೊಂದು. ಬಿಟ್ಟೆ. ೧೫. ಅಕ್ಕನಿಗೆ ಈಗ ಐದು ತಿಂಗಳು."

ಹೀಗೆ ಹನ್ನೊಂದು. ಡಿಸೆಂಬರಿನಲ್ಲಿ ಒಂದು ಪುಟದಲ್ಲಿ ಎರಡೇ ಸಾಲು: "ಅಕ್ಕಂದು ಹೋಯ್ತು. ನಾಳೆಯಿಂದ ಕೊಯ್ಯಬೇಕು." ಪಟ್ಟಿಯ ತಾರೀಖಿನ ಪ್ರಕಾರ ಸೀಸೆ ಇದ್ದ ಹತ್ತೊಂಬತ್ತೂ ಅದರ ಮೇಲಿನವೇ.

ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ನನಗೆ ನಿಂತಿದ್ದ ಮೊದಲ ಬಸುರು ಅದು. ನಮ್ಮಲ್ಲಿ ಎಂಟನೆಯ ತಿಂಗಳಿಗೆ ಹೊಟ್ಟೆಯಲ್ಲಿರುವ ಮಗುವಿಗೆ ಲಿಂಗಧಾರಣೆ ಮಾಡಿಸುತ್ತಾರೆ. ಮಗು ಹುಟ್ಟುವವರೆಗೆ ಅದರ ಲಿಂಗವನ್ನು ತಾಯಿಯೇ ಕಟ್ಟಿಕೊಂಡಿರುತ್ತಾಳೆ. ಲಿಂಗ ತಂದಿಟ್ಟಿದ್ದೆವು. ಏಳರಲ್ಲೇ ಹೋಯಿತು.

ಮಾರ್ಗರೆಟ್ ಕೈ ತೊಳೆದು ಬಂದು ಎದುರಿಗೆ ಕೂತರು. "ಸೀಸೆಯ ಮಾತು ಇದೆಯೇ?"

ನಾನು ಇಲ್ಲ ಎಂದೆ. ಮನೆಯ ವಿಚಾರ ಬರೆದಿದ್ದಾಳೆ, ಅಷ್ಟೇ ಎಂದೆ. ಸೀಸೆಗಳು ಎಲ್ಲೋ ಕಳೆದಿರಬೇಕು ಎಂದೂ ಸೇರಿಸಿದೆ. ಅವರು ನಂಬಿದರು. ಸೀಸೆ ಕಳೆದಿದ್ದರೂ ಎಣಿಕೆ ಇದೆಯಲ್ಲ, ಮೂವತ್ತನ್ನೂ ಸಭೆಯ ಮುಂದೆ ಇಡೋಣ ಎಂದರು. ಆ ಲಿಪಿ ಓದಬಲ್ಲವಳು ಆ ಊರಿನಲ್ಲಿ ನಾನೊಬ್ಬಳೇ. ನನ್ನ ತಂಗಿಯ ಹೆಸರು ಆ ಪಟ್ಟಿಯ ಮೇಲೆ ಇತ್ತು. ಅದು ಒಂದೇ ಉಳಿದಿದ್ದು.

ಅವ್ವನ ಫೋನು

ಮಾರನೆಯ ದಿನ ಅವ್ವನಿಗೆ ವೀಡಿಯೊ ಕಾಲ್ ಮಾಡಿದೆ. ಅವಳು ಫೋನನ್ನು ಕಿವಿಗೆ ಹಿಡಿಯುತ್ತಾಳೆ, ಹಾಗಾಗಿ ನನಗೆ ಕಂಡದ್ದು ಅವಳ ಓಲೆ ಮಾತ್ರ.

"ಅವ್ವ, ಗಿರಿಜೆಗೆ ಏನಂದಿದ್ದೆ ನೀನು? ಮೀನು ಕುಯ್ಯೋದ್ರ ಬಗ್ಗೆ?"

"ಏನಂದೆ? ಏನೂ ಅಂದಿಲ್ಲ."

"ಅವ್ವ."

"ಮನೇಲಿ ಬಸ್ರಿ ಅವ್ಳೆ, ಬಸ್ರಿ ಹೊಟ್ಟೆ ಕುಯ್ಬ್ಯಾಡ ಕಣವ್ವ ಅಂದೆ. ಕುಂಬಳಕಾಯಿ ಕುಯ್ಯಕ್ಕೇ ನಾವು ಹಿಂದ್ಮುಂದೆ ನೋಡ್ತೀವಿ. ಅವ್ಳು ಜೀವ ಕುಯ್ಯೋಳು. ನಿನ್ನೊಟ್ಟೇಲಿ ಅದು ನಿಲ್ಲಿ ಅಂತ ಅಂದೆ. ಬ್ಯಾರೆ ಯಾತಕ್ಕೆ ಅನ್ಲಿ?"

"ಅವ್ಳು ಏನಂದ್ಲು?"

"ನಕ್ಕಂಡು, ಹುಚ್ಚವ್ವ, ಇದು ನನ್ನ ಕೆಲ್ಸ ಅಂದ್ಲು. ಕುಯ್ದೇಬಿಟ್ಟಿರ್ಬೇಕು. ಅದಕ್ಕೇ ನಿಂಗೆ ನಿಲ್ಲಲಿಲ್ಲ."

ಒಂದು ವರ್ಷದಿಂದ ಅವ್ವ ಹಾಗೆ ತಿಳಿದುಕೊಂಡಿದ್ದಳು. ಸತ್ತ ಮಗಳ ಮೇಲೆ ಅದನ್ನು ಹೊರಿಸಿ, ಯಾರಿಗೂ ಹೇಳದೆ.

"ಇಲ್ಲ ಅವ್ವ. ಕುಯ್ಲಿಲ್ಲ ಅವ್ಳು. ನಂಗೆ ಹೋಗೋವರ್ಗೂ ಒಂದೂ ಕುಯ್ಲಿಲ್ಲ."

ಆಮೇಲೆ ಫೋನು ಕಿವಿಯಿಂದ ಜಾರಿ ನನಗೆ ನಮ್ಮ ಮನೆಯ ತೊಲೆ ಕಂಡಿತು, ಬಹಳ ಹೊತ್ತು.

ದೋಣಿ

ಗಿರಿಜೆ ಹೋಗುತ್ತಿದ್ದ ದೋಣಿಯ ಯಜಮಾನ ಕೆವಿನ್. ಅವಳು ಕೂರುತ್ತಿದ್ದ ಜಾಗ ನೋಡಬೇಕು ಎಂದು ಕೇಳಿದ್ದಕ್ಕೆ ಐದನೆಯ ದಿನ ಬೆಳಗ್ಗೆ ನನ್ನನ್ನು ಕರೆದುಕೊಂಡು ಹೋದರು. ನಾನು ಕಟ್ಟೆ ಬಿಟ್ಟ ಹತ್ತು ನಿಮಿಷಕ್ಕೆ ವಾಂತಿ ಮಾಡಿಕೊಂಡೆ. ಅವರು ಒಂದು ಬಕೆಟ್ಟು ಕೊಟ್ಟು, "ನಿನ್ನ ತಂಗಿ ಮೂರು ವಾರ ತೆಗೆದುಕೊಂಡಳು," ಎಂದರು.

ಬಲೆ ಅಲ್ಲ, ಮೈಲುದ್ದದ ಹಗ್ಗಕ್ಕೆ ಸಾಲಾಗಿ ಗಾಳ ಕಟ್ಟಿ ಮುಳುಗಿಸಿರುತ್ತಾರೆ. ಯಂತ್ರ ಅದನ್ನು ಸುತ್ತಿಕೊಳ್ಳುತ್ತದೆ, ಶಾರ್ಕ್‌ಗಳು ಒಂದೊಂದಾಗಿ ಮೇಲೆ ಬರುತ್ತವೆ. ಬೂದು ಬೆನ್ನು, ಮೇಲೆ ಸಣ್ಣ ಬಿಳಿ ಚುಕ್ಕೆ. ಅಳತೆ ಕೋಲಿಗೆ ಹಿಡಿದು ಸಣ್ಣದಿದ್ದರೆ ಎಸೆಯುತ್ತಾರೆ. ಎಸೆಯುವಾಗ ಕೆವಿನ್ ಒಂದು ಶಬ್ದ ಹೇಳಿದರು. ಮೊದಲ ಸಲ ನನಗೆ ನಂಬಿಕೆ ಬರಲಿಲ್ಲ. ಎರಡನೆಯ ಸಲವೂ ಅದನ್ನೇ ಅಂದರು.

"ಬುಡು."

"ಅದನ್ನು ಯಾರು ಹೇಳಿಕೊಟ್ಟರು?" ಎಂದೆ.

"ಅವಳೇ. ಕೂಗುತ್ತಿದ್ದಳು. ಬುಡು, ಬುಡು, ಬುಡು! ನನ್ನ ದೋಣಿಯಲ್ಲಿ ನನಗೇ. ಈಗ ಬಾಯಿಗೆ ಬಂದುಬಿಟ್ಟಿದೆ."

ಆಮೇಲೆ ಅವರು ಯಂತ್ರದ ಕಡೆ ನೋಡುತ್ತ ಹೇಳಿದರು, "ದೊಡ್ಡ ಹೆಣ್ಣುಗಳನ್ನು ಬಿಡಿಸುತ್ತಿದ್ದಳು. ಹನ್ನೆರಡೋ ಹತ್ತೋ. ನಾನು ಯಾಕೆ ಎಂದು ಕೇಳಲಿಲ್ಲ. ನಿಮ್ಮ ಧರ್ಮ ಇರಬೇಕು ಅಂದುಕೊಂಡೆ. ನಾನು ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ."

ಹಾಗಾದರೆ ಗೊತ್ತಿದ್ದವರು ಇಬ್ಬರು, ಇಬ್ಬರೂ ಬಾಯಿ ಬಿಡುವವರಲ್ಲ. ನನ್ನ ಸುಳ್ಳು ಗಟ್ಟಿಯಾಗಿತ್ತು.

ಹಗ್ಗದ ಕೊನೆಯಲ್ಲಿ ಒಂದು ದೊಡ್ಡ ಹೆಣ್ಣು ಬಂತು. ಗಾಳ ಸುತ್ತಿಕೊಂಡು ಕೆಳಗೇ ಸತ್ತಿತ್ತು. ಕೆವಿನ್ ನನ್ನ ಮುಖ ನೋಡಿ, ಆ ಕಡೆ ತಿರುಗು ಎಂದರು. ನಾನು ತಿರುಗಲಿಲ್ಲ. ಚಾಕು ಒಂದೇ ಸಲ ಓಡಿತು. ಒಳಗೆ ಎರಡು ಸಾಲು ಮರಿಗಳು, ತಲೆ ಬಾಲ ಜೋಡಿಸಿಕೊಂಡು, ಒಂದೊಂದೂ ತೆಳ್ಳನೆಯ ಪೊರೆಯೊಳಗೆ. ತಾಯಿಗೆ ಇರುವ ಬಿಳಿ ಚುಕ್ಕೆಗಳು ಅವಕ್ಕೂ ಇದ್ದವು. ಬಲಿಯದ ಕೆಲವಕ್ಕೆ ಕತ್ತಿನ ಕೆಳಗೆ ಆಹಾರದ ಹಳದಿ ಚೀಲ ಇನ್ನೂ ಅಂಟಿಕೊಂಡಿತ್ತು. ಕೆಲವು ಬಾಯಿ ತೆರೆದವು.

ನಾನು ಎಣಿಸಿದೆ. ಕೆಲಸದ ರೂಢಿ, ಬಾಯಿ ತಾನೇ ಎಣಿಸಿತು. ಮೂವತ್ತೊಂದು.

ಕೆವಿನ್ ಅವನ್ನು ಎರಡೂ ಕೈಯಲ್ಲಿ ಬಾಚಿ ನೀರಿಗೆ ಹಾಕಿದರು. "ಚೀಲ ಇರುವವು ಬದುಕುವುದಿಲ್ಲ. ಆದರೂ ಹಾಕುತ್ತೇನೆ," ಎಂದರು. ಕೆಲವು ತಲೆ ಕೆಳಗೆ ಮಾಡಿ ಹೋದವು. ಉಳಿದವು ಹೊಟ್ಟೆ ಮೇಲೆ ಮಾಡಿ ತೇಲಿದವು. ಹಕ್ಕಿಗಳು ಇಳಿದವು.

ಅಳತೆ ಕೋಲಿನ ಮೇಲೆ ಆ ತಾಯಿಯ ಉದ್ದ ನೋಡಿದ್ದೆ. ಗಿರಿಜೆಯ ಪಟ್ಟಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಉದ್ದದ ಒಂದು ಇತ್ತು. ಅದರ ಮುಂದೆ ಹದಿನಾಲ್ಕು ಎಂದಿತ್ತು.

ದಂಡೆಗೆ ಬರುವವರೆಗೂ ನನಗೆ ಒಂದು ಮಗು ನೆನಪಿಗೆ ಬರುತ್ತಿತ್ತು. ಹಾಗಲವಾಡಿ ರಸ್ತೆಯಲ್ಲಿ ಗುಡಿಸಲು ಹಾಕಿದ್ದವರ ಮಗು. ಯಂತ್ರ ಕೆಟ್ಟ ಎರಡು ತಿಂಗಳು ಅದರ ತೂಕವನ್ನೂ ನಾನು ಅಂದಾಜಿನಲ್ಲಿ ಬರೆದೆ. ಪುಸ್ತಕದಲ್ಲಿ ಅದು ಬೆಳೆಯುತ್ತಿತ್ತು. ಮೂರನೆಯ ತಿಂಗಳು ಅದನ್ನು ತುಮಕೂರಿನ ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಓಡಿದರು. ಬದುಕಿತು. ನನ್ನಿಂದಲ್ಲ. ಆ ಪುಟ ಇನ್ನೂ ಕಪಾಟಿನಲ್ಲಿದೆ, ನನ್ನ ಸಹಿಯೊಂದಿಗೆ. ಯಾರೂ ಕೇಳಿಲ್ಲ.

ಆರನೆಯ ದಿನ

ಮಾರ್ಗರೆಟ್ ಬೆಳಗ್ಗೆ ಮೇಜಿನ ಮೇಲೆ ಪಟ್ಟಿ ಹರಡಿಕೊಂಡಿದ್ದರು. ನಾನು ನೋಟ್‌ಬುಕ್ಕು ತಂದು ಎದುರಿಗೆ ಕೂತು, ಒಂದೊಂದೇ ಸಾಲು ಕನ್ನಡದಲ್ಲಿ ಓದಿ ಇಂಗ್ಲಿಷಿನಲ್ಲಿ ಹೇಳಿದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಕೊನೆಯ ಎರಡು ಸಾಲಿಗೆ ಬಂದಾಗ ಇಂಗ್ಲಿಷು ಸಿಗಲಿಲ್ಲ. ಕೈಯನ್ನು ಹೊಟ್ಟೆಯ ಮೇಲಿಟ್ಟು ತೆಗೆದೆ. ಅವರಿಗೆ ತಿಳಿಯಿತು.

ಅವರು ಎದ್ದು ನೀರು ಕಾಯಿಸಲು ಇಟ್ಟರು. ಕುದಿದು ತಾನೇ ಆರಿತು. ಚಹಾ ಮಾಡಲಿಲ್ಲ.

"ನನಗೆ ಹೇಳಬಹುದಿತ್ತು ಅವಳು," ಎಂದರು.

"ಹೇಳಿದ್ದರೆ ಒಪ್ಪುತ್ತಿದ್ದಿರಾ?"

ಅವರು ಯೋಚಿಸಿದರು. ಸುಮ್ಮನೆ ಸಮಾಧಾನಕ್ಕೆ ಉತ್ತರ ಹೇಳುವವರಲ್ಲ. "ಇಲ್ಲ," ಎಂದರು. "ಬೇರೆಯವರನ್ನು ಕಳಿಸುತ್ತಿದ್ದೆ."

ಆಮೇಲೆ ಸ್ಕೇಲು ಇಟ್ಟು ಹನ್ನೊಂದು ಸಾಲಿನ ಎಣಿಕೆಯ ಮೇಲೆ ಗೀಟು ಎಳೆದರು. ಗಿರಿಜೆ ಬಿಟ್ಟದ್ದು ಹೆಚ್ಚಾಗಿ ದೊಡ್ಡ ತಾಯಂದಿರನ್ನೇ. ಅವು ಜೀವಂತ ಮೇಲೆ ಬರುವಷ್ಟು ಗಟ್ಟಿ. ಹೆಚ್ಚು ಮರಿ ಹೊರುವುದೂ ಅವೇ. ಅವುಗಳಿಲ್ಲದೆ ಪಟ್ಟಿಯಲ್ಲಿ ಉಳಿದದ್ದು ಬಹುಪಾಲು ಸಣ್ಣ ತಾಯಂದಿರು, ಸಣ್ಣ ಅಂಕಿಗಳು. ಇದರಿಂದ ಕೊಲ್ಲಿ ಮುಚ್ಚಿಸುವುದು ಕಷ್ಟ ಎಂದು ಅವರೇ ಹೇಳಿದರು. ಅವರ ದನಿಯಲ್ಲಿ ಕೋಪ ಇತ್ತು. ಅದು ಗಿರಿಜೆಯ ಮೇಲೋ, ನನ್ನ ಮೇಲೋ, ನಾನು ಕೇಳಲಿಲ್ಲ.

"ಅವಳ ಹೆಸರು?" ಎಂದೆ.

"ಮೇಲೇ ಇರುತ್ತದೆ. ಹತ್ತೊಂಬತ್ತು ಅವಳದೇ." ಪೆನ್ನನ್ನು ಕೊನೆಯ ಅಂಕಣಕ್ಕೆ ತಂದು ನಿಲ್ಲಿಸಿದರು. "ಇಲ್ಲಿ ಕಾರಣ ಬರೆಯಬೇಕು. ಯಾಕೆ ಕೊಯ್ಯಲಿಲ್ಲ ಎಂದು. ಸ್ವಂತ ಕಾರಣ ಎಂದು ಹಾಕಿಬಿಡಲೇ?"

ಸ್ವಂತ ಕಾರಣ ಎಂದರೆ ನಮ್ಮ ಕಚೇರಿಯಲ್ಲಿ ಹಲ್ಲುನೋವಿಗೂ ಬರೆಯುತ್ತೇವೆ. ಬೇಡ ಎಂದೆ. ಏನಿದೆಯೋ ಅದನ್ನೇ ಹಾಕಿ ಎಂದೆ. ಅವರು ನಾನು ಹೇಳಿದ್ದನ್ನು ಬರೆದು, ಓದಿ ತೋರಿಸಿದರು.

ಆ ಸಂಜೆ ಅವರೇ ನನ್ನನ್ನು ಕಾರು ಜಾರಿದ ತಿರುವಿಗೆ ಕರೆದುಕೊಂಡು ಹೋದರು. ಮರದ ತೊಗಟೆ ಎದ್ದ ಜಾಗದಲ್ಲಿ ಹೊಸ ತೊಗಟೆ ಅರ್ಧ ಮುಚ್ಚಿತ್ತು. ನಾವಿಬ್ಬರೂ ಕಾರಿನಿಂದ ಇಳಿದು ನಿಂತೆವು. ಏನು ಮಾಡಬೇಕೆಂದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಚಳಿಯಾದ ಮೇಲೆ ವಾಪಸ್ಸು ಬಂದೆವು.

ಸಭೆ

ಸಭೆ ನಡೆದದ್ದು ಊರಿನ ಸಭಾಂಗಣದಲ್ಲಿ. ಇಪ್ಪತ್ತು ಜನ ಇರಬಹುದು. ರಬ್ಬರ್ ಬೂಟಿನಲ್ಲೇ ಬಂದ ಮೀನುಗಾರರು, ಇಬ್ಬರು ಅಧಿಕಾರಿಗಳು, ಗೋಡೆಯ ಬದಿಗೆ ಬಿಸ್ಕತ್ತು. ನಮ್ಮ ಗ್ರಾಮಸಭೆಯ ಹಾಗೆ ಕೂಗಾಟ ಇಲ್ಲ. ಒಬ್ಬರು ಮಾತಾಡಿ ಮುಗಿಸುವವರೆಗೆ ಇನ್ನೊಬ್ಬರು ಕಾಯುತ್ತಾರೆ, ಅದು ಒಪ್ಪಿಗೆಯಲ್ಲ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಮಾರ್ಗರೆಟ್ ಪಟ್ಟಿಯನ್ನು ಗೋಡೆಯ ಮೇಲೆ ತೋರಿಸಿದರು. ಹತ್ತೊಂಬತ್ತು ಸಾಲು. ಆಮೇಲೆ ಗೀಟು ಎಳೆದ ಹನ್ನೊಂದು. ಅವುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಎಣಿಕೆ ನಿಜವಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿದರು. ಕೆವಿನ್ ಬೂಟಿನ ತುದಿ ನೋಡುತ್ತಿದ್ದರು.

ಮುಂದಿನ ಸಾಲಿನ ಒಬ್ಬ ಮುದುಕ ಕನ್ನಡಕ ಹಾಕಿಕೊಂಡು ಕೊನೆಯ ಅಂಕಣವನ್ನು ಗಟ್ಟಿಯಾಗಿ ಓದಿದರು. ಕೊಲ್ಲಿ ಮುಚ್ಚಬಾರದು ಎಂದು ಮೊದಲಿನಿಂದ ವಾದಿಸುತ್ತಿದ್ದವರು ಅವರೇ ಎಂದು ಮಾರ್ಗರೆಟ್ ತೋರಿಸಿದ್ದರು.

"ಕೊಯ್ಯಲಿಲ್ಲ. ಕಾರಣ: ಮನೆಯಲ್ಲಿ ಅಕ್ಕ ಬಸುರಿ."

ಹಿಂದೆ ಯಾರೋ ನಕ್ಕರು, ತಕ್ಷಣ ನಿಲ್ಲಿಸಿದರು. ಮುದುಕರು ಕನ್ನಡಕ ತೆಗೆದು ತಿರುಗಿದರು. ಕೋಣೆಯಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ.

"ನೀನೇನಾ ಆ ಅಕ್ಕ?"

ಹೌದು ಎಂದೆ.

"ಮಗು?"

ಆ ಊರಿಗೆ ಬಂದ ಮೇಲೆ ಮೊದಲ ಬಾರಿಗೆ ಒಬ್ಬರು ನನ್ನನ್ನು ಅದನ್ನು ಕೇಳಿದರು. ನಾನು ಎದ್ದು ನಿಂತು, "ಇಲ್ಲ," ಎಂದೆ.

ಅವರು "ಸಾರಿ, ಲವ್," ಎಂದರು. ಅಲ್ಲಿ ಅಂಗಡಿಯವರೂ ಹಾಗೇ ಕರೆಯುತ್ತಾರೆ, ನಮ್ಮಲ್ಲಿ ತಾಯಿ ಅಂದ ಹಾಗೆ. ಆಮೇಲೆ ಮುಂದಕ್ಕೆ ತಿರುಗಿ ಕನ್ನಡಕ ಹಾಕಿಕೊಂಡು, ಹತ್ತೊಂಬತ್ತು ಸಾಲದು, ಇನ್ನೊಂದು ಹಂಗಾಮು ನೋಡಬೇಕು ಎಂದರು. ಅಧಿಕಾರಿಗಳು ಹೌದೆಂದು ತಲೆಯಾಡಿಸಿ ಬರೆದುಕೊಂಡರು. ಯಾರೂ ಕೂಗಲಿಲ್ಲ. ಕಟ್ಟೆಯ ದೀಪ ದುರಸ್ತಿಯ ವಿಷಯ ಬಂತು, ಅದಕ್ಕೆ ಬಹಳ ಹೊತ್ತು ಚರ್ಚೆಯಾಯಿತು.

ಮರುದಿನ ಬೆಳಗ್ಗೆ ಗಿರಿಜೆಯ ಕೋಣೆಯ ಕಿಟಕಿಯಿಂದ ನೋಡಿದೆ. ಕೊಲ್ಲಿ ತೆರೆದೇ ಇತ್ತು. ನಾಲ್ಕು ದೋಣಿ ಗಾಳದ ಹಗ್ಗ ಹೇರಿಕೊಂಡು ಹೊರಟವು. ಕೆವಿನ್ ಅವರದೂ ಇತ್ತು.